ಬೆಂಕಿಪುರದ ನೆನಪು, ಭದ್ರಾವತಿಯ ಪ್ರಶ್ನೆ

ಈಚೆಗೆ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ‘ನಮ್ಮ ಊರು’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆದು ತರುವಂತೆ ಹೇಳಿದ್ದೆ. ವಿಷಯ ಹಳೆಯದು, ನನ್ನ ಮೇಷ್ಟರು ನನಗೆ ಕೊಟ್ಟದ್ದೂ ಅದನ್ನೇ. ಬಂದ ಪ್ರಬಂಧಗಳಲ್ಲಿ ಬಹುಪಾಲು ಹಸಿರು ಗದ್ದೆ, ಹರಿಯುವ ಹಳ್ಳ, ಊರ ಜಾತ್ರೆಗಳ ಸಿದ್ಧ ವರ್ಣನೆಯೇ ಇತ್ತು. ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಯೊಬ್ಬಳು ಮಾತ್ರ ತನ್ನ ಬರವಣಿಗೆಯನ್ನು ಹೀಗೆ ಆರಂಭಿಸಿದ್ದಳು: “ನಮ್ಮ ಊರಿನಲ್ಲಿ ಎರಡು ಕಾರ್ಖಾನೆಗಳು ಇದ್ದವು.” ಕೆಂಪು ಶಾಯಿಯ ಲೇಖನಿ ಅಭ್ಯಾಸಬಲದಿಂದ ‘ಇದ್ದವು’ ಎಂಬುದರ ಕೆಳಗೆ ಗೆರೆಯೆಳೆಯಿತು. ‘ಇವೆ’ ಎಂದು ತಿದ್ದಬೇಕೆಂದುಕೊಂಡೆ. ಕೈ ಅಲ್ಲಿಯೇ ನಿಂತಿತು. ಇಪ್ಪತ್ತು ವರ್ಷಗಳಿಂದ ವ್ಯಾಕರಣ ಕಲಿಸುತ್ತಿರುವವನಿಗೆ ಒಂದು ಕ್ರಿಯಾಪದದ ಕಾಲ ಯಾವುದೆಂದು ನಿರ್ಧರಿಸಲಾಗಲಿಲ್ಲ. ಅದು ನನ್ನ ಊರೂ ಹೌದು.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ, ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನ ಒಂದು ಮನೆಯಲ್ಲಿ. ತಂದೆಯವರು ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಸೋದರಮಾವನವರಿಗೆ ಕಾಗದನಗರದ ಕಾರ್ಖಾನೆಯಲ್ಲಿ ಕೆಲಸ. ಕಬ್ಬಿಣ, ಕಾಗದ ಎರಡೂ ನಮ್ಮ ಮನೆಗೆ ನೆಂಟರು. ಅಮ್ಮ ಗಡಿಯಾರ ನೋಡಿ ಒಲೆ ಹೊತ್ತಿಸಿದ್ದನ್ನು ನಾನು ಕಂಡಿಲ್ಲ. ಕಾರ್ಖಾನೆಯ ಸೈರನ್ನು ಕೂಗಿದರೆ ಅನ್ನಕ್ಕೆ ಎಸರು. ಇನ್ನೊಮ್ಮೆ ಕೂಗಿದರೆ ಬುತ್ತಿ ಸಿದ್ಧ. ಹಳ್ಳಿಯ ಮಕ್ಕಳಿಗೆ ಸೂರ್ಯ ಹೇಗೋ ನಮಗೆ ಆ ಕೂಗು ಹಾಗೆ. ವ್ಯತ್ಯಾಸವಿಷ್ಟೆ: ಸೂರ್ಯ ದಿನಕ್ಕೊಮ್ಮೆ ಹುಟ್ಟುತ್ತಾನೆ, ನಮ್ಮ ಬೀದಿಯಲ್ಲಿ ದಿನಕ್ಕೆ ಮೂರು ಬೆಳಗು. ಬೆಳಿಗ್ಗೆ ಆರಕ್ಕೊಂದು ಪಾಳಿ, ಮಧ್ಯಾಹ್ನ ಎರಡಕ್ಕೊಂದು, ರಾತ್ರಿ ಹತ್ತಕ್ಕೊಂದು. ಒಬ್ಬರ ಮನೆಯಲ್ಲಿ ಸ್ನಾನದ ನೀರು ಕಾಯುವ ವೇಳೆಗೆ ಪಕ್ಕದ ಮನೆಯಲ್ಲಿ ಹಾಸಿಗೆ ಬಿಚ್ಚುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು ಕಿಟಕಿಗೆ ಚಾಪೆ ಕಟ್ಟಿ ಹಗಲನ್ನು ಹೊರಗಿಟ್ಟು ಮಲಗುತ್ತಿದ್ದರು. “ಅಪ್ಪ ಮಲಗಿದ್ದಾರೆ” ಎಂಬ ಮಾತು ನಮ್ಮ ಬೀದಿಯ ಶಾಸನ. ಆ ಮನೆಯ ಮುಂದೆ ಗೋಲಿಯಾಟವೂ ಪಿಸುಮಾತಿನಲ್ಲಿಯೇ ನಡೆಯಬೇಕು. ಇಂದಿಗೂ ಹಗಲು ಹೊತ್ತಿನಲ್ಲಿ ಮುಚ್ಚಿದ ಬಾಗಿಲೊಂದನ್ನು ಕಂಡರೆ ನನ್ನ ಹೆಜ್ಜೆ ತಾನಾಗಿ ಮೆತ್ತಗಾಗುತ್ತದೆ. ನನ್ನ ಹೆಂಡತಿ ಹಳ್ಳಿಯವಳು, ಆಕೆಗೆ ಇದು ನಗೆಯ ವಿಷಯ.

ರಾತ್ರಿಯ ಒಂದು ದೃಶ್ಯವನ್ನು ಹೇಳಲೇಬೇಕು. ಕುಲುಮೆಯಿಂದ ತೆಗೆದ ಕಿಟ್ಟವನ್ನು ಕೆಂಡದಂತೆ ಹೊಳೆಯುತ್ತಿರುವಾಗಲೇ ಸುರಿಯುತ್ತಿದ್ದರು. ಆಗ ಆಕಾಶದ ಒಂದು ಮೂಲೆ ಇದ್ದಕ್ಕಿದ್ದಂತೆ ಕೆಂಪಾಗಿ, ಮನೆಯ ಗೋಡೆಯ ಮೇಲೆ ತೆಂಗಿನ ಗರಿಯ ನೆರಳು ಮೂಡಿ, ಎರಡು ನಿಮಿಷದಲ್ಲಿ ಎಲ್ಲ ಮೊದಲಿನಂತೆ ಕತ್ತಲಾಗುತ್ತಿತ್ತು. ಕವಿಗಳ ಸೂರ್ಯಾಸ್ತದ ವರ್ಣನೆಗಳನ್ನು ಮುಂದೆ ಎಷ್ಟೋ ಓದಿದೆ, ಓದಿಸಿದೆ. ಮನಸ್ಸಿನೊಳಗೆ ಮೊದಲು ಮೂಡುವುದು ರಾತ್ರಿ ಹನ್ನೊಂದು ಗಂಟೆಯ ಆ ಕೆಂಪೇ.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಮನೆಯವರಿಗೆ ಒಳಗೆ ಪ್ರವೇಶವಿತ್ತು. ಎಂಟು ಒಂಬತ್ತು ವರ್ಷದವನಿದ್ದಾಗ ಹೋದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ, ಬಾಳೆಕಂದು, ಒಡೆದ ಬೂದುಗುಂಬಳದ ಕುಂಕುಮ ನೆಲಕ್ಕೆ ಅಂಟಿತ್ತು. ತಂದೆಯವರು ಮನೆಯಲ್ಲಿ ಮಿತಭಾಷಿ; ಅಂಗಡಿಯವನು ಲೆಕ್ಕ ತಪ್ಪಿಸಿದರೂ ಎದುರು ಹೇಳದವರು. ಅಲ್ಲಿ, ತಮ್ಮ ಬೆಂಚಿನ ಬಳಿ, ಅವರು ಬೇರೆ ಮನುಷ್ಯರಾಗಿ ಕಂಡರು. ಸುತ್ತಲಿದ್ದ ಕಿರಿಯರು “ಮೇಸ್ತ್ರಿಗಳೇ” ಎಂದು ಎದ್ದು ನಿಲ್ಲುತ್ತಿದ್ದರು. ಒಬ್ಬ ಎಂಜಿನಿಯರು ಬಂದು ಯಾವುದೋ ಬೇರಿಂಗಿನ ಶಬ್ದದ ವಿಚಾರ ಕೇಳಿದಾಗ ತಂದೆಯವರು ಕಬ್ಬಿಣದ ಸಲಾಕೆಯೊಂದರ ತುದಿಯನ್ನು ಯಂತ್ರಕ್ಕಿಟ್ಟು, ಮತ್ತೊಂದು ತುದಿಯನ್ನು ಕಿವಿಗೆ ಹಚ್ಚಿ, ವೈದ್ಯರು ಎದೆ ನೋಡುವಂತೆ ಕೇಳಿ, “ಇನ್ನು ಹದಿನೈದು ದಿವಸ ಬರುತ್ತೆ ಸ್ವಾಮಿ, ಆಮೇಲೆ ಇಲ್ಲ” ಎಂದರು. ಎಂಜಿನಿಯರು ಅದನ್ನು ಬರೆದುಕೊಂಡರು. ನನ್ನ ತಂದೆ ಹೇಳಿದ ಮಾತನ್ನು ಮತ್ತೊಬ್ಬರು ಬರೆದುಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ. ವಿದ್ಯೆಯೆಂದರೆ ಪುಸ್ತಕದ್ದು ಮಾತ್ರವಲ್ಲವೆಂಬುದನ್ನು ಆ ದಿನ ಕಲಿತೆನೆಂದು ಈಗ ಹೇಳಬಹುದು. ಆಗ ನನಗೆ ಆದದ್ದು ಬರೀ ಹೆಮ್ಮೆ, ಜೊತೆಗೆ ಪುರಿ ಕಡಲೆಯ ಪೊಟ್ಟಣದ ಮೇಲಿನ ಗಮನ.

ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಎಲ್ಲವೂ ಇದ್ದವು. ಕಾರ್ಖಾನೆಯ ಕೆಲಸ ಎಲ್ಲೆಲ್ಲಿಂದಲೋ ಜನರನ್ನು ಕರೆತಂದಿತ್ತು. ಮಲಯಾಳಿ ಅಮ್ಮನ ಮನೆಯ ಓಣಂ ಊಟಕ್ಕೆ ನಾವು, ನಮ್ಮ ಮನೆಯ ಯುಗಾದಿಯ ಹೋಳಿಗೆಗೆ ಅವರು. ಇದನ್ನು ಭಾವೈಕ್ಯವೆಂದು ಹೊಗಳುವುದು ಸುಲಭ. ಜಗಳವೂ ಇತ್ತು, ನಲ್ಲಿಯ ನೀರಿಗಂತೂ ದಿನವೂ ಇತ್ತು. ಆದರೆ ಎಲ್ಲರ ಮನೆಗೂ ಸಂಬಳ ಬರುವ ದಿನ ಒಂದೇ ಆಗಿದ್ದುದರಿಂದ ಸಾಲವೂ ಸಂತೋಷವೂ ಒಂದೇ ತಿಥಿಗೆ ಬರುತ್ತಿದ್ದವು. ಊರಿಗೆ ಆಟದ ಹುಚ್ಚಿತ್ತು, ನಾಟಕದ ಹುಚ್ಚಿತ್ತು. ಕ್ರಿಕೆಟ್ಟಿನ ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ಇಲ್ಲಿ. ಚಲನಚಿತ್ರರಂಗದ ದೊಡ್ಡಣ್ಣನವರು ಈ ಕಾರ್ಖಾನೆಯ ಕಾರ್ಮಿಕರಾಗಿದ್ದವರು. ಇವರಿಬ್ಬರ ಹೆಸರನ್ನು ಹೇಳದೆ ಭದ್ರಾವತಿಯವನು ಪರಊರಿನಲ್ಲಿ ಹತ್ತು ನಿಮಿಷ ಮಾತಾಡಲಾರ. ನಾನೂ ಆ ನಿಯಮಕ್ಕೆ ಹೊರತಲ್ಲವೆಂಬುದನ್ನು ಓದುಗರು ಕಂಡರು.

ಊರಿನ ಹಳೆಯ ಹೆಸರು ಬೆಂಕಿಪುರ. ಕುಲುಮೆಯ ಬೆಂಕಿಯಿಂದ ಆ ಹೆಸರು ಬಂತೆಂದು ಚಿಕ್ಕಂದಿನಲ್ಲಿ ನಾವು ನಂಬಿದ್ದೆವು. ಹೆಸರು ಕಾರ್ಖಾನೆಗಿಂತ ಹಳೆಯದೆಂದು ತಿಳಿದದ್ದು ಎಂ.ಎ. ಓದುವಾಗ, ತಿಳಿದು ತುಸು ಬೇಸರವೂ ಆಯಿತು. ಊರಿನ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು. ಕಾರ್ಖಾನೆಯಾದರೋ ಮೈಸೂರು ಸಂಸ್ಥಾನದ ಸಾಹಸ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಯೋಜನೆಗೊಂಡು 1923ರಲ್ಲಿ ಕಬ್ಬಿಣ ಹೊರಬಂತು. ಬಾಬಾಬುಡನ್ ಗಿರಿಯ ಕೆಮ್ಮಣ್ಣುಗುಂಡಿಯಿಂದ ಅದಿರು. ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲವಾದ್ದರಿಂದ ಮಲೆನಾಡಿನ ಮರವನ್ನು ಸುಟ್ಟ ಇದ್ದಿಲು. ಮರದಿಂದ ಇದ್ದಿಲಿನ ಜೊತೆಗೆ ಮದ್ಯಸಾರ, ಟಾರು ಮುಂತಾದುವನ್ನೂ ಬಟ್ಟಿಯಿಳಿಸುತ್ತಿದ್ದರು. ಮೊದಲ ಹೆಸರಿನಲ್ಲಿಯೇ ಮರದ ಬಟ್ಟಿ, ಕಬ್ಬಿಣ ಎರಡೂ ಇದ್ದವು.

ಈಗಿನ ಚರ್ಚೆಯಲ್ಲಿ ಎಲ್ಲರೂ ಮರೆತಿರುವ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಕಾರ್ಖಾನೆ ಹುಟ್ಟಿದ್ದೇ ನಷ್ಟದಲ್ಲಿ. ಮೊದಲ ಮಹಾಯುದ್ಧದ ಅನಂತರ ಕಬ್ಬಿಣದ ಬೆಲೆ ಕುಸಿಯಿತು. ಸಂಸ್ಥಾನದ ಹಣವೆಲ್ಲ ಕುಲುಮೆಗೆ ಬಿತ್ತೆಂದು ಟೀಕೆಗಳೆದ್ದವು, ಮುಚ್ಚುವ ಮಾತೂ ಬಂತು. ಆಗ ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿದರು. ಅವರು ಖರ್ಚಿಗೆ ಹಿಡಿತ ತಂದರು, ಊರವರನ್ನೇ ಕೆಲಸಕ್ಕೆ ತರಬೇತುಗೊಳಿಸಿದರು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಹುಡುಗರಿಗೆ ಕಸಬು ಕಲಿಸುವ ಸಂಸ್ಥೆಯೊಂದಕ್ಕೆ ಬಿಟ್ಟುಕೊಟ್ಟರು. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಆ ಸಂಸ್ಥೆ ಹುಟ್ಟಿದ್ದು ಹಾಗೆ. ಮುಂದೆ ಉಕ್ಕು ಬಂತು, ಸಿಮೆಂಟು ಬಂತು. 1936ರಲ್ಲಿ ಕಾಗದದ ಕಂಪನಿ ಸ್ಥಾಪನೆಯಾಯಿತು. ಇದನ್ನೆಲ್ಲ ಹೇಳುವುದು ಮಹಾರಾಜರ ಕಾಲ ಚೆನ್ನಾಗಿತ್ತೆಂದು ಹಲುಬುವುದಕ್ಕಲ್ಲ. ನಷ್ಟವೆಂಬುದು ಆಗ ಒಂದು ಸಮಸ್ಯೆಯಾಗಿತ್ತು. ಇಂದು ಅದೊಂದು ತೀರ್ಪಾಗಿದೆ. ನಾನು ಕಾಣುವ ವ್ಯತ್ಯಾಸ ಇಷ್ಟು.

ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು. ನನಗಾಗ ಹತ್ತು ವರ್ಷ. ಬೀದಿಯಲ್ಲಿ ಸಂತೋಷವಿತ್ತು, ಕೇಂದ್ರದ ಸಂಬಳವೆಂದರೆ ಸಣ್ಣ ಮಾತೆ? ತಂದೆಯವರು ಮಾತ್ರ ಬುತ್ತಿಯನ್ನು ಕೆಳಗಿಟ್ಟು, “ಇನ್ನು ಮೇಲೆ ನಮ್ಮದು ದಿಲ್ಲಿ ಕಾರ್ಖಾನೆ ಕಣಮ್ಮ, ದಿಲ್ಲಿಗೆ ನಮ್ಮ ಸೈರನ್ನು ಕೇಳಿಸುತ್ತೋ ಇಲ್ಲವೋ” ಎಂದು ಅಜ್ಜಿಗೆ ಹೇಳಿದರು. 1998ರಲ್ಲಿ ಅದು ಪ್ರಾಧಿಕಾರದಲ್ಲಿ ಪೂರ್ತಿಯಾಗಿ ವಿಲೀನವಾಯಿತು. 2016ರಲ್ಲಿ ಕೇಂದ್ರ ಸಂಪುಟ ಸಮಿತಿ ಅದನ್ನು ಖಾಸಗಿಯವರಿಗೆ ಮಾರಲು ಒಪ್ಪಿಗೆಯಿತ್ತಿತು. 2019ರಲ್ಲಿ ಕೊಳ್ಳುವ ಆಸಕ್ತಿಯುಳ್ಳವರಿಗೆ ಕರೆಹೋಯಿತು. ತಕ್ಕಷ್ಟು ಆಸಕ್ತಿ ಕಾಣಲಿಲ್ಲವೆಂದು 2022ರ ಅಕ್ಟೋಬರಿನಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಬಂತು. ಕಬ್ಬಿಣ ಹೊರಬಂದ ವರ್ಷದಿಂದ ಎಣಿಸಿದರೆ ಸರಿಯಾಗಿ ನೂರು ವರ್ಷ. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷದ ಆಗಸ್ಟಿನಲ್ಲಿ, ಬೇರೆ ಉಕ್ಕಿನ ಊರುಗಳಿಂದ ತರಿಸಿದ ಗಟ್ಟಿಗಳನ್ನು ಕಾಯಿಸಿ ಸಲಾಕೆಯೆಳೆಯುವ ಕೆಲಸ ಮರಳಿ ಆರಂಭವಾಯಿತು. 2024ರ ಜೂನಿನಲ್ಲಿ ಕೇಂದ್ರದ ಉಕ್ಕಿನ ಖಾತೆ ವಹಿಸಿಕೊಂಡ ಎಚ್. ಡಿ. ಕುಮಾರಸ್ವಾಮಿಯವರು ಕೆಲವೇ ದಿನಗಳಲ್ಲಿ ಊರಿಗೆ ಬಂದು ಪುನಶ್ಚೇತನದ ಮಾತಾಡಿದರು.

ಈ ‘ಪುನಶ್ಚೇತನ’ವೆಂಬ ಪದದ ವಿಚಾರವಾಗಿ ಕನ್ನಡ ಅಧ್ಯಾಪಕನಾಗಿ ನನಗೊಂದು ಆಕ್ಷೇಪಣೆಯಿದೆ. ಬಾಲ್ಯದಿಂದ ಕೇಳುತ್ತ ಬಂದಿದ್ದೇನೆ. ಚುನಾವಣೆ ಹತ್ತಿರವಾದಂತೆ ಅದರ ಧ್ವನಿ ಏರುತ್ತದೆ. ಕಾರ್ಖಾನೆಗೆ ಮೊದಲು ‘ರೋಗಗ್ರಸ್ತ’ವೆಂಬ ವಿಶೇಷಣ ಕೊಡುತ್ತಾರೆ. ರೋಗವೆಂದ ಮೇಲೆ ಅದು ಯಾರ ನಿರ್ಧಾರದ ಫಲವೂ ಅಲ್ಲ, ಮೈಯಲ್ಲಿ ತಾನಾಗಿ ಹುಟ್ಟಿದ್ದು ಎಂದಾಯಿತು. ಆಮೇಲೆ ‘ಪುನಶ್ಚೇತನ’, ಅಂದರೆ ದೇಹ ಬಹುಮಟ್ಟಿಗೆ ಹೋಗಿದೆ, ಯಾರೋ ಮಹಾನುಭಾವರು ಪ್ರಾಣ ತುಂಬಬೇಕು. ಈ ರೂಪಕಗಳ ನಡುವೆ ನಿಜವಾದ ಪ್ರಶ್ನೆಗಳು ಮರೆಯಾಗುತ್ತವೆ. ಇದ್ದಿಲಿನ ಕಾಲ ಮುಗಿದ ಮೇಲೆ ಕಾರ್ಖಾನೆಗೆ ಬೇಕಾದ ಕೋಕು ದೂರದಿಂದ ಬರಬೇಕಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಅದಿರೂ ಇಲ್ಲವಾಯಿತು. ಗಣಿಯ ಪ್ರಶ್ನೆ ರಾಜ್ಯ ಕೇಂದ್ರಗಳ ನಡುವೆ, ಕಚೇರಿ ನ್ಯಾಯಾಲಯಗಳ ನಡುವೆ ಅಲೆಯಿತು. ಬಳ್ಳಾರಿಯ ಅದಿರು ಹಡಗು ಹತ್ತಿ ಪರದೇಶಕ್ಕೆ ಹೋದ ವರ್ಷಗಳಲ್ಲಿ ಭದ್ರಾವತಿಗೆ ಅದಿರಿಲ್ಲವೆಂಬುದನ್ನು ರೋಗವೆಂದು ಕರೆಯಬಹುದೆ? ದೊಡ್ಡ ಉಕ್ಕಿನ ಸ್ಥಾವರಗಳಿಗೆ ಹೊಸ ಯಂತ್ರ ಬಂದವು. ವಿಶಿಷ್ಟ ಜಾತಿಯ ಉಕ್ಕನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತಿದ್ದ ಈ ಹಳೆಯ ಕಾರ್ಖಾನೆಗೆ ಅಂಥ ಹೊಸ ಬಂಡವಾಳ ಒದಗಲಿಲ್ಲ. ಇವೆಲ್ಲ ಮನುಷ್ಯರು ಮೇಜಿನ ಮುಂದೆ ಕುಳಿತು ಮಾಡಿದ, ಇಲ್ಲವೆ ಮಾಡದೆ ಬಿಟ್ಟ ಕೆಲಸಗಳು.

ಎದುರು ಪಕ್ಷದ ಮಾತಿನಲ್ಲಿಯೂ ಸತ್ಯವಿದೆಯೆಂಬುದನ್ನು ಒಪ್ಪಲೇಬೇಕು. ಈ ಪ್ರಮಾಣದ ಕಾರ್ಖಾನೆ ಇಂದಿನ ಪೇಟೆಯಲ್ಲಿ ದೈತ್ಯರೊಡನೆ ಸ್ಪರ್ಧಿಸುವುದು ಕಷ್ಟ. ತೆರಿಗೆಯ ಹಣದಲ್ಲಿ ಎಷ್ಟು ಕಾಲ ಅದನ್ನು ನಡೆಸಬೇಕೆಂಬುದು ಅಧರ್ಮದ ಪ್ರಶ್ನೆಯಲ್ಲ. ಇನ್ನೂ ಕಠಿನವಾದ ಪ್ರಶ್ನೆ ಕಾಡಿನದು. ನಮ್ಮ ಬಾಲ್ಯದ ಆ ಬೆಳಕು ಮಲೆನಾಡಿನ ಎಷ್ಟು ಮರಗಳ ಮೇಲೆ ಉರಿದದ್ದು ಎಂಬುದನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿದವರಲ್ಲ. ಕಾಗದದ ಕಾರ್ಖಾನೆಯ ಸಲುವಾಗಿ ಸಾವಿರಾರು ಹೆಕ್ಟೇರು ಅರಣ್ಯಭೂಮಿಯಲ್ಲಿ ಅಕೇಶಿಯ, ನೀಲಗಿರಿ ಬೆಳೆದು ನಿಂತವು. ಯಂತ್ರಗಳು 2015-16ರಲ್ಲಿ ನಿಂತುಹೋದವು; ನೆಡುತೋಪಿನ ಗುತ್ತಿಗೆಯನ್ನು ಮಾತ್ರ ಸರಕಾರ 2020ರಲ್ಲಿ ಮತ್ತೆ ನಾಲ್ವತ್ತು ವರ್ಷಕ್ಕೆ ವಿಸ್ತರಿಸಿತು. ಕಾಗದವಿಲ್ಲ, ಕಾಗದದ ಮರ ಉಂಟು! ಅಕೇಶಿಯ ಬೇಡವೆಂದು ಮಲೆನಾಡಿನ ಹಳ್ಳಿಯವರು ಚಳವಳಿ ಹೂಡಿದಾಗ ನನ್ನ ಮನಸ್ಸು ಅವರ ಕಡೆಗೇ ಇತ್ತು. ಸೋದರಮಾವನವರೊಡನೆ ಇದೇ ವಿಚಾರವಾಗಿ ಮಾತು ಬೆಳೆದು ಆರು ತಿಂಗಳು ನಾವಿಬ್ಬರೂ ಮಾತಾಡಿರಲಿಲ್ಲ. “ನೀನು ಓದಿದ ಪುಸ್ತಕ ಯಾವುದರಿಂದ ಮಾಡಿದ್ದು ಅಂದುಕೊಂಡಿದ್ದೀಯಪ್ಪ?” ಎಂದು ಅವರು ಕೇಳಿದ್ದರು. ಉತ್ತರ ನನ್ನಲ್ಲಿರಲಿಲ್ಲ. ನಾಡಿನ ವೃತ್ತಪತ್ರಿಕೆಗಳಿಗೆ ಕಾಗದ ಒದಗಿಸಿದ ಊರು ಅದು. ಹಿಂದೆ ಇಂಥ ಭಾನುವಾರದ ಪುಟಗಳನ್ನು ಬಿಡಿಸಿದಾಗ ಅವರು ಮೊದಲು ಓದುತ್ತಿರಲಿಲ್ಲ. ಎರಡು ಬೆರಳ ನಡುವೆ ತಿಕ್ಕಿ, “ಇದು ನಮ್ಮದು” ಎನ್ನುತ್ತಿದ್ದರು.

ಇನ್ನೊಂದು ಮಾತನ್ನು ನನ್ನ ವಿರುದ್ಧವಾಗಿಯೇ ಹೇಳಬೇಕಾಗಿದೆ. ಊರನ್ನು ಬಿಟ್ಟು ಹೋದ ನಾವು ಈಗ ಸೇರಿದಾಗಲೆಲ್ಲ ಕ್ವಾರ್ಟರ್ಸಿನ ಮಾವಿನಮರ, ಕ್ಲಬ್ಬಿನ ನಾಟಕ, ಆಸ್ಪತ್ರೆ, ಶಾಲೆ ಎಂದು ಕಣ್ಣು ತೇವ ಮಾಡಿಕೊಳ್ಳುತ್ತೇವೆ. ನಮ್ಮದು ಖಾಯಂ ನೌಕರರ ಮಕ್ಕಳ ನೆನಪು. ಅದೇ ಗೇಟಿನಿಂದ ಒಳಗೆ ಹೋಗಿ ಅದೇ ಕುಲುಮೆಯ ಬಿಸಿಯಲ್ಲಿ ನಿಂತ ಗುತ್ತಿಗೆಯ ಆಳಿನ ಮಗನಿಗೆ ಕ್ವಾರ್ಟರ್ಸಿರಲಿಲ್ಲ, ಮಾವಿನಮರವಿರಲಿಲ್ಲ. ನನ್ನ ತರಗತಿಯಲ್ಲಿ ಅಂಥ ಹುಡುಗನೊಬ್ಬನಿದ್ದ. ಗಣಿತದಲ್ಲಿ ನನಗಿಂತ ಮುಂದು. ಆಯುಧಪೂಜೆಯ ದಿನ ನಾನು ಒಳಗೆ ಕಂಡದ್ದನ್ನೆಲ್ಲ ಬಣ್ಣಿಸಿದಾಗ ಅವನು ಸುಮ್ಮನೆ ಕೇಳಿದ. ಅವನ ತಂದೆಯ ಹೆಸರಿನಲ್ಲಿ ಯಾವ ಬೆಂಚೂ ಇಲ್ಲ, ಹೂಮಾಲೆ ಹಾಕುವುದು ಯಾವುದಕ್ಕೆ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ. 2023ರ ಧರಣಿಯ ಚಪ್ಪರದಲ್ಲಿ ಅವನನ್ನು ಮತ್ತೆ ಕಂಡೆ. ತಂದೆಯಂತೆ ಅವನೂ ಗುತ್ತಿಗೆಯಲ್ಲಿಯೇ ದುಡಿಯುತ್ತಿದ್ದ. “ಲೆಕ್ಚರರು ಬಂದ್ರು, ಜಾಗ ಬಿಡ್ರೋ” ಎಂದು ನಕ್ಕು ಚಾಪೆಯ ಮೇಲೆ ಜಾಗ ಮಾಡಿದ. ಮುಚ್ಚುವ ನಿರ್ಧಾರದಿಂದ ನನಗೆ ಹೋಗುವುದು ನೆನಪು. ಅವನಿಗೆ ಹೋಗುವುದು ತಿಂಗಳ ಅಕ್ಕಿ. ಈ ಎರಡನ್ನೂ ‘ನಮ್ಮ ಊರಿನ ನೋವು’ ಎಂಬ ಒಂದೇ ಮಾತಿನಲ್ಲಿ ಕಟ್ಟುವುದು ನ್ಯಾಯವಲ್ಲ.

ಆದ್ದರಿಂದ ಉಳಿಸಿ ಎಂಬ ಕೂಗಿನಲ್ಲಿ ಏನನ್ನು ಉಳಿಸಬೇಕೆಂಬುದು ಬಿಡಿಸಿ ಹೇಳಬೇಕಾದ ವಿಷಯ. ಹೆಸರು ಫಲಕವನ್ನೇ, ವಿಶ್ವೇಶ್ವರಯ್ಯನವರ ಪ್ರತಿಮೆಯನ್ನೇ ಉಳಿಸುವುದಾದರೆ ಅದಕ್ಕೆ ಕಾರ್ಖಾನೆಯೇ ಬೇಕಿಲ್ಲ, ಒಂದು ವಸ್ತುಸಂಗ್ರಹಾಲಯ ಸಾಕು. ನನ್ನ ದೃಷ್ಟಿಯಲ್ಲಿ ಉಳಿಯಬೇಕಾದದ್ದು ಸಲಾಕೆಯನ್ನು ಕಿವಿಗೆ ಹಚ್ಚಿ ಯಂತ್ರದ ಆಯುಸ್ಸು ಹೇಳುವ ಆ ವಿದ್ಯೆ. ನೂರು ವರ್ಷದಲ್ಲಿ ಒಂದು ಊರು ತಲೆಯಿಂದ ತಲೆಗೆ ಕಲಿತದ್ದು ಅದು. ಒಂದು ತಲೆಮಾರು ಕೆಲಸವಿಲ್ಲದೆ ಕುಳಿತರೆ ಹೋಯಿತು, ಯಾವ ಸಂಪುಟವೂ ಅದನ್ನು ಮಂಜೂರು ಮಾಡಲಾರದು. ಸಣ್ಣ ಪ್ರಮಾಣದ ವಿಶಿಷ್ಟ ಉಕ್ಕಿನ ಕೆಲಸ, ಅದಕ್ಕೆ ನಿಶ್ಚಿತವಾದ ಅದಿರು, ಗುತ್ತಿಗೆಯವರಿಗೆ ನಿಶ್ಚಿತವಾದ ದಿನಗೂಲಿ, ಊರಿನ ಹುಡುಗ ಹುಡುಗಿಯರಿಗೆ ಅದೇ ಕಮ್ಮಟದಲ್ಲಿ ಕಸಬಿನ ಶಿಕ್ಷಣ: ಕೇಳಬೇಕಾದದ್ದು ಇಷ್ಟು. ಇದಾಗದೆಂದರೆ ಆಗದೆಂದು ಸ್ಪಷ್ಟವಾಗಿ ಹೇಳಿ, ಆ ಜನಕ್ಕೆ ಬೇರೆ ದಾರಿಯನ್ನು ಹಣ ಸಹಿತವಾಗಿ ತೋರಿಸಬೇಕು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿಯ ಮಕ್ಕಳು ನಸುಕಿನಲ್ಲೆದ್ದು ಬೆಂಗಳೂರಿನ ರೈಲು ಹತ್ತುವುದನ್ನು ರೂಢಿಮಾಡಿಕೊಂಡರು. ಭದ್ರಾವತಿಗೆ ಅಂಥ ಬೆಂಗಳೂರೂ ಪಕ್ಕದಲ್ಲಿಲ್ಲ. 2001ರ ಜನಗಣತಿಯಲ್ಲಿ ಸುಮಾರು 1,60,000 ಇದ್ದ ಊರು 2011ರಲ್ಲಿ ಸುಮಾರು 1,51,000ಕ್ಕೆ ಇಳಿದಿತ್ತು. ನಾಡಿನ ಪಟ್ಟಣಗಳೆಲ್ಲ ಉಬ್ಬುತ್ತಿದ್ದ ಕಾಲದಲ್ಲಿ ಒಂದು ಪಟ್ಟಣ ಕುಗ್ಗಿತು.

ಸಾಹಿತ್ಯದ ಪುಟದಲ್ಲಿ ಇದೆಲ್ಲ ಏಕೆಂದು ಕೇಳುವವರಿದ್ದರೆ ಅವರಿಗೊಂದು ಮರುಪ್ರಶ್ನೆ. ನಮ್ಮ ಕಥೆ ಕಾದಂಬರಿಗಳಲ್ಲಿ ಹಳ್ಳಿಯಿದೆ, ಅಗ್ರಹಾರವಿದೆ, ಮಹಾನಗರದ ಒಂಟಿ ಕೋಣೆಯಿದೆ. ಮೂರು ಪಾಳಿಯ ಊರು ಎಷ್ಟು ಕಡೆ ಇದೆ? ಇಲ್ಲವೇ ಇಲ್ಲವೆಂದಲ್ಲ, ವಿರಳ. ನಾನೂ ಬರೆದವನಲ್ಲ. ಎಂ.ಎ. ಮುಗಿಸಿ ಬಂದವನು ಹಳಗನ್ನಡ ಕಾವ್ಯಗಳ ಮೇಲೆ ನಾಲ್ಕು ಲೇಖನ ಬರೆದೆ. ತಂದೆಯವರನ್ನು ಕೂರಿಸಿಕೊಂಡು ಅವರ ಕಸಬಿನ ಮಾತುಗಳನ್ನು ಬರೆದಿಟ್ಟುಕೊಳ್ಳಲಿಲ್ಲ. ಕುಲುಮೆಯ ಬೇರೆ ಬೇರೆ ಬಣ್ಣಗಳಿಗೆ ಅವರಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಅವುಗಳಲ್ಲಿ ನನಗೆ ನೆನಪಿರುವುದು ಎರಡೇ: ‘ಮಾವಿನಹಣ್ಣು’, ‘ಬಿಳಿಗಣ್ಣು’. ತಂದೆಯವರು ಹೋಗಿ ಒಂಬತ್ತು ವರ್ಷವಾಯಿತು.

ಪ್ರಬಂಧದ ಹಾಳೆಗಳನ್ನು ಹಿಂದಿರುಗಿಸಿದ ದಿನ ಆ ಹುಡುಗಿ ಮೇಜಿನ ಬಳಿಗೆ ಬಂದಳು. “ಸರ್, ಇಲ್ಲಿ ಗೆರೆ ಹಾಕಿದ್ದೀರಿ, ತಪ್ಪು ಏನು ಅಂತ ಬರೆದಿಲ್ಲ” ಎಂದಳು. ಕಾಗದದ ಕಾರ್ಖಾನೆ ನಿಂತಿದೆ, ಕಬ್ಬಿಣದ್ದು ಪೂರ್ತಿ ನಿಂತಿಲ್ಲವಲ್ಲಮ್ಮ, ಆದ್ದರಿಂದ ಎರಡಕ್ಕೂ ಸೇರಿಸಿ ‘ಇದ್ದವು’ ಎನ್ನಬಹುದೋ ಬಾರದೋ ನನಗೆ ತಿಳಿಯಲಿಲ್ಲ ಎಂದೆ. ಮನೆಯಲ್ಲಿ ಯಾರಾದರೂ ಕೆಲಸದಲ್ಲಿದ್ದಾರೆಯೇ ಎಂದು ಕೇಳಿದೆ.

“ಅಪ್ಪ ಇದ್ದಾರೆ ಸರ್, ಕಂಟ್ರಾಕ್ಟಿನಲ್ಲಿ. ಈ ವಾರ ಕೆಲಸ ಇದೆ. ಬರೋ ವಾರದ್ದು ಶನಿವಾರ ಹೇಳ್ತಾರೆ” ಎಂದು, ಹಾಳೆಯನ್ನು ಮಡಚಿಟ್ಟುಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟಳು.